ನನ್ನ ದವಡೆಯ ನಕ್ಷೆ ಕೇಳಲು ಹೋದದ್ದು

ಆಲುವದಲ್ಲಿ ರೈಲು ನಮ್ಮನ್ನು ಇಳಿಸಿದಾಗ ಬೆಳಗಾಗಿತ್ತು. ಮಳೆ ಆಗಷ್ಟೇ ನಿಂತಿತ್ತು. ಪ್ಲಾಟ್‌ಫಾರ್ಮಿನ ತಗ್ಗುಗಳಲ್ಲಿ ನೀರು, ಗಾಳಿಯಲ್ಲಿ ಸೆಕೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ರೈಲು, ಅಲ್ಲಿಂದ ಇಲ್ಲಿಗೆ ಇನ್ನೊಂದು. ನನ್ನ ಹೆಂಡತಿ ಗಿರಿಜಾ ಸ್ಟೇಷನ್ನಿನ ಅಂಗಡಿಯಿಂದ ಎರಡು ಚಹಾ ತಂದಳು. ತನ್ನದನ್ನು ಬಿಸಿಬಿಸಿ ಕುಡಿದಳು. ನನ್ನದನ್ನು ಎರಡು ಲೋಟಗಳ ನಡುವೆ ಹೊಯ್ದು ಆರಿಸಿ ಕೊಟ್ಟಳು.

"ಸಾವಕಾಶ ಕುಡೀರಿ. ಎಡಗಡೆ ಹೋಗಬಾರದು ನೋಡ್ರಿ," ಎಂದಳು.

ನನ್ನ ಕೆಳದವಡೆಯ ಎಡಭಾಗ ಎಲುಬಲ್ಲ, ಟೈಟಾನಿಯಂ. ನಾನು ಬ್ಯಾಂಕಿನ ನೌಕರ. ಕೊಚ್ಚಿಯ ಶಾಖೆಯಲ್ಲಿ ನಾಲ್ಕು ವರ್ಷ ಇದ್ದೆ. ಆಗ ದವಡೆಯೊಳಗೆ ಗಡ್ಡೆ ಬೆಳೆಯಿತು. ಕ್ಯಾನ್ಸರ್ ಅಲ್ಲ, ಆದರೆ ಎಲುಬನ್ನು ತಿಂದುಬಿಟ್ಟಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದು, ನನ್ನ ಮುಖದ ಅಳತೆಗೇ ಮಾಡಿಸಿದ ಲೋಹದ ಪಟ್ಟಿಯೊಂದನ್ನು ಸ್ಕ್ರೂ ಹಾಕಿ ಕೂಡಿಸಿದರು. ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕಟ್ಟುವ ತ್ರೀಡಿ ಪ್ರಿಂಟಿಂಗ್ ಯಂತ್ರದಲ್ಲಿ ಮಾಡಿದ ಪಟ್ಟಿ. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಬ್ಯಾಂಕಿನಲ್ಲಿ ಎಲ್ಲರಿಗೂ ಎಕ್ಸ್‌ರೇ ತೋರಿಸಿ ತಿರುಗಾಡಿದ್ದೆ.

ಹುಬ್ಬಳ್ಳಿಗೆ ವರ್ಗವಾಗಿ ಬಂದ ಮೇಲೆ ಒಂದು ಬೆಳಿಗ್ಗೆ ಅದು ಮುರಿಯಿತು. ಗಟ್ಟಿಯಾದ ಕಟಕ ರೊಟ್ಟಿ ತಿನ್ನುವಾಗ ಅಲ್ಲ, ಉಪ್ಪಿಟ್ಟು ತಿನ್ನುವಾಗ. ಕಿವಿಯ ಬುಡದಲ್ಲಿ ಟಕ್ ಎಂದಿತು, ಬಾಯಿ ಓರೆಯಾಯಿತು. ಹುಬ್ಬಳ್ಳಿಯ ಡಾಕ್ಟರ್ ಕುಲಕರ್ಣಿ ಮೇಡಂ ಎಕ್ಸ್‌ರೇ ನೋಡಿ, ಮೂರನೇ ಸ್ಕ್ರೂ ತೂತಿನ ಪಕ್ಕಕ್ಕೆ ಪಟ್ಟಿ ಸೀಳಿದೆ ಎಂದರು. ಹೊಸದನ್ನು ಹಾಕಬೇಕು. ಅದಕ್ಕೆ ಅವರು ಎರಡು ಸಂಗತಿ ಕೇಳಿದರು. ಒಂದು, ಹಳೆಯ ಪಟ್ಟಿಯ ನಕ್ಷೆಯ ಫೈಲು, ತಮ್ಮ ಕಂಪ್ಯೂಟರಿನಲ್ಲಿ ತೆರೆಯುವಂಥದ್ದು. ಎರಡು, ಅದನ್ನು ಯಾವ ಪುಡಿಯಿಂದ, ಹೇಗೆ ಮಾಡಿದರು ಎಂಬ ದಾಖಲೆ. "ಯಾಕ ಮುರೀತು ಅಂತ ಗೊತ್ತಾಗದ ಮತ್ತೊಂದು ಹಾಕಿದರ ಅದೂ ಮುರಿಬಹುದು," ಎಂದರು.

ಪಟ್ಟಿ ಮಾಡಿದ ಕಂಪನಿಗೆ ನಾನು ಬರೆದೆ. ಡಾಕ್ಟರೂ ಬರೆದರು. ತಿಂಗಳುಗಟ್ಟಲೆ ಬರೆದೆವು. ಪ್ರತಿ ಸಲವೂ ನಿಮ್ಮ ವಿನಂತಿಯನ್ನು ಸ್ವೀಕರಿಸಲಾಗಿದೆ ಎಂದು ಒಂದು ಉತ್ತರ, ವಾರದ ನಂತರ ನಿಮ್ಮ ವಿನಂತಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದು ಇನ್ನೊಂದು. ನಡುವೆ ಏನೂ ಇಲ್ಲ. ಕಡೆಗೊಂದು ದಿನ ಗಿರಿಜಾ ಕಪಾಟಿನಿಂದ ಬ್ಯಾಗು ಇಳಿಸಿ, "ಏಳ್ರಿ, ಹೋಗೇ ಬಿಡೋಣು" ಎಂದಳು.

ಕಂಪನಿ ಇದ್ದದ್ದು ಆಲುವದ ಹತ್ತಿರದ ಕೈಗಾರಿಕಾ ಪ್ರದೇಶದಲ್ಲಿ. ಆಟೋದವನು ಪೆರಿಯಾರ್ ಹೊಳೆಯ ಸೇತುವೆ ದಾಟಿ, ಲಾರಿಗಳ ಸಾಲಿನ ನಡುವೆ ನುಗ್ಗಿಸಿ, ಗಾಜಿನ ಕಟ್ಟಡದ ಮುಂದೆ ನಿಲ್ಲಿಸಿದ. ಒಳಗೆ ತಣ್ಣಗೆ ಏಸಿ. ನಮ್ಮನ್ನು ಸೋಫಾದ ಮೇಲೆ ಕೂರಿಸಿದರು. ಎದುರಿಗೆ ಗಾಜಿನ ಕಪಾಟು. ಅದರಲ್ಲಿ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದ ತಲೆಬುರುಡೆ, ಮೊಣಕಾಲು, ಬೆನ್ನೆಲುಬು, ದವಡೆ. ನೋಡಲು ಬಂದವರಿಗೆ ತೋರಿಸಲೆಂದು ಇಟ್ಟವು.

ಗಿರಿಜಾ ಎದ್ದು ಹೋಗಿ ಕಪಾಟಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನನ್ನನ್ನು ಕರೆದಳು. ಅವಳ ದನಿ ಬದಲಾಗಿತ್ತು.

"ರೀ, ಇಲ್ಲಿ ಬರ್ರಿ. ಈ ದವಡಿ ನಿಮ್ಮದು."

"ಏನರ ಅಂತಿ. ಎಲ್ಲಾ ದವಡಿ ಒಂದ ಥರಾನ ಇರತಾವ."

"ಬಲಗಡೆ ಕೋರೆಹಲ್ಲು ನೋಡ್ರಿ. ಮುಂದಿನ ಹಲ್ಲಿನ ಮ್ಯಾಲ ಹೆಂಗ ಏರಿ ಕೂತದ. ಅದರ ಹಿಂದ ಒಂದು ಹಲ್ಲು ಇಲ್ಲ. ಮದುವಿ ಆದಾಗಿಂದ ನೋಡಾಕತ್ತೀನಿ, ನನಗ ಗೊತ್ತಾಗಂಗಿಲ್ಲೇನು?"

ನೋಡಿದೆ. ನನ್ನದೇ. ಏರಿ ಕೂತ ಕೋರೆ, ಅದರ ಹಿಂದಿನ ಸಂದು, ಎಡಗಡೆ ಗಡ್ಡೆಯಿಂದ ಉಬ್ಬಿದ ಎಲುಬು. ಕೆಳಗೆ ಚೀಟಿ ಅಂಟಿಸಿದ್ದರು: ಕೆಳದವಡೆ, ಯಶಸ್ವಿ ಪ್ರಕರಣ. ನನ್ನ ಎಲುಬಿನ ನಕ್ಷೆ ನನಗೆ ಕೊಡಲಾಗದು, ನನ್ನ ಡಾಕ್ಟರಿಗೆ ಕೊಡಲಾಗದು, ಆದರೆ ಇಲ್ಲಿ ಚಹಾ ಕುಡಿಯಲು ಬಂದ ಗಿರಾಕಿ ಯಾರಾದರೂ ನೋಡಬಹುದು. ಯಶಸ್ವಿಯಂತೆ!

ಮ್ಯಾನೇಜರ್ ಬಂದರು. ನಲವತ್ತರ ಆಸುಪಾಸಿನ, ನಯವಾದ ಮಾತಿನ ಮನುಷ್ಯ. ನನ್ನ ಮಾತು ತೊದಲುತ್ತಿದ್ದುದರಿಂದ ಗಿರಿಜಾ ಕೊಚ್ಚಿಯ ಸಂತೆಯಲ್ಲಿ ಕಲಿತ ಮಲಯಾಳದಲ್ಲಿ ಎಲ್ಲ ಹೇಳಿದಳು. ಅವರು ಇಂಗ್ಲಿಷಿನಲ್ಲಿ ಉತ್ತರಿಸಿದರು.

"ಸಾರ್, ನಿಮಗೆ ಹೊಸ ಪಟ್ಟಿ ಬೇಕಾದರೆ ನಾವೇ ಮಾಡಿಕೊಡುತ್ತೇವೆ. ಇಲ್ಲೇ ಬಂದು ಶಸ್ತ್ರಕ್ರಿಯೆ ಮಾಡಿಸಿಕೊಳ್ಳಿ. ಆದರೆ ಫೈಲು ಕಂಪನಿಯದು. ಮೇಲಾಗಿ ಅದು ನಮ್ಮ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುತ್ತದೆ. ಕೊಟ್ಟರೂ ನಿಮ್ಮ ಡಾಕ್ಟರಿಗೆ ಉಪಯೋಗವಿಲ್ಲ."

"ಬೇರೆಯವರು ಓದುವ ಹಾಗೆ ಬದಲಿಸಿ ಕೊಡಿ," ಎಂದೆ.

"ಅದು ನಮ್ಮ ಪದ್ಧತಿಯಲ್ಲಿಲ್ಲ."

"ಪುಡಿ ಯಾವುದು, ಹೇಗೆ ಮಾಡಿದ್ದು, ಅದನ್ನಾದರೂ ಹೇಳಿ."

"ಆ ಯಂತ್ರವನ್ನು ನಾವು ಬದಲಿಸಿದ್ದೇವೆ ಸಾರ್. ಹಳೆಯ ಯಂತ್ರದ ದಾಖಲೆಯನ್ನು ಹೊಸ ಯಂತ್ರ ಓದುವುದಿಲ್ಲ."

ನನಗೆ ತಡೆಯಲಾಗಲಿಲ್ಲ. ಬಾಯಿ ನೋಯುತ್ತಿದ್ದರೂ ಕೂಗಿದೆ. "ನಾನು ಬ್ಯಾಂಕಿನವನು. ನಮ್ಮ ಊರಿನಲ್ಲಿ ಮಂಡಕ್ಕಿ ಗಿರಮಿಟ್ ಮಾರುವವನ ಗಾಡಿಗೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಯಾವ ಬ್ಯಾಂಕಿನ ಗಿರಾಕಿ ಬಂದರೂ ದುಡ್ಡು ಅವನಿಗೆ ಮುಟ್ಟುತ್ತದೆ. ಒಂದು ಪ್ಲೇಟು ಗಿರಮಿಟ್ಟಿಗೆ ಆಗುವ ಕೆಲಸ ಒಬ್ಬ ಮನುಷ್ಯನ ದವಡೆಗೆ ಆಗುವುದಿಲ್ಲವೇ?"

ಮ್ಯಾನೇಜರ್ ನಕ್ಕರು. ತಮಾಷೆ ಎಂದುಕೊಂಡರೇನೋ. "ಮುಖ್ಯ ಕಚೇರಿಗೆ ತಿಳಿಸುತ್ತೇನೆ," ಎಂದು ಎದ್ದರು.

ಆಲುವದಿಂದ ಮೆಟ್ರೋ ಹತ್ತಿ ಆ ತುದಿಯಿಂದ ಈ ತುದಿಗೆ, ತ್ರಿಪ್ಪುಣಿತ್ತುರಕ್ಕೆ ಹೋದೆವು. ತಲೆಗೆ ಅರವತ್ತು ರೂಪಾಯಿ. ಕೆಳಗೆ ನಾವು ನಾಲ್ಕು ವರ್ಷ ಬದುಕಿದ ಊರು ಹರಡಿತ್ತು. ನಾನು ಅದರ ಕಡೆ ನೋಡಲೇ ಇಲ್ಲ. ಗಿರಿಜಾ ದಾರಿಯುದ್ದಕ್ಕೂ ಗೊಣಗುತ್ತಿದ್ದಳು: "ಯಶಸ್ವಿ ಅಂತ! ಯಾರಿಗೆ ಯಶಸ್ವಿ?"

ತ್ರಿಪ್ಪುಣಿತ್ತುರದಲ್ಲಿ ನನ್ನ ಹಳೆಯ ಸಹೋದ್ಯೋಗಿ ಈಶ್ವರ ಭಟ್ಟರ ಮನೆ. ಕಾಸರಗೋಡಿನವರು. ಅವರ ಹೆಂಡತಿ ನನಗೆಂದು ಕಂಜಿ, ಅಂದರೆ ಗಂಜಿ, ಮಾಡಿ, ಹೆಸರುಕಾಳನ್ನು ಮೆತ್ತಗೆ ಬೇಯಿಸಿಟ್ಟಿದ್ದರು. ಎಲ್ಲ ಕೇಳಿ ಭಟ್ಟರು ತಟ್ಟೆಯಿಂದ ಕೈ ತೆಗೆದರು.

"ಎಂತ ಅವಸ್ಥೆ ಮಾರಾಯ್ರೆ ಇದು. ಅವರ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ. ನೀವು ತಿರುವನಂತಪುರಕ್ಕೆ ಹೋಗಿ. ಅಲ್ಲಿ ನಾಗಶ್ರೀ ಅಂತ ನಮ್ಮವರೇ ಇದ್ದಾರೆ, ಮೈಸೂರು ಕಡೆಯವರು. ಕನ್ನಡ ಕೂಟದಲ್ಲಿ ಪರಿಚಯ. ಈ ಲೋಹದ ಪ್ರಿಂಟಿಂಗೇ ಅವರ ಕೆಲಸ, ಕೇಂದ್ರ ಸರಕಾರದ ಸಂಸ್ಥೆಯೊಂದರಲ್ಲಿ. ನಾನು ಫೋನ್ ಮಾಡ್ತೇನೆ."

ಮರುದಿನ ತ್ರಿಪ್ಪುಣಿತ್ತುರದಲ್ಲೇ ರೈಲು ಹತ್ತಿದೆವು. ಕೋಟ್ಟಯಂ ಮಾರ್ಗ. ಕಿಟಕಿಯಲ್ಲಿ ಹೊಳೆ, ರಬ್ಬರು ತೋಟ, ಚರ್ಚು, ಮತ್ತೆ ಹೊಳೆ. ಎದುರು ಕುಳಿತವರು ಪಳಂಪೊರಿ ಕೊಂಡು ತಿಂದರು. ಬಾಳೆಹಣ್ಣಿನ ಬೋಂಡ, ಕೊಚ್ಚಿಯಲ್ಲಿದ್ದಾಗ ನನಗೆ ಪ್ರಾಣ. ವಾಸನೆಗೆ ಬಾಯಲ್ಲಿ ನೀರೂರಿತು, ಜೊತೆಗೆ ಸಿಟ್ಟೂ ಬಂತು. ಗಿರಿಜಾ ಒಂದು ಕೊಂಡು, ಒಳಗಿನ ಮೆತ್ತಗಿನ ಹಣ್ಣನ್ನು ಚಮಚದಿಂದ ತೆಗೆದು ನನಗೆ ಕೊಟ್ಟಳು. ಹೊರಗಿನ ಗರಿಗರಿ ಭಾಗವನ್ನು ತಾನೂ ತಿನ್ನಲಿಲ್ಲ.

ತಿರುವನಂತಪುರದಲ್ಲಿ ಜೋರು ಮಳೆ. ಬಸ್ಸು ಹಿಡಿದು ನಾಗಶ್ರೀ ಇರುವ ಶ್ರೀಕಾರ್ಯಂಗೆ ಹೋಗುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದೆವು. ನಾಗಶ್ರೀ ಅವರೇ ಬಾಗಿಲು ತೆರೆದು ಟವೆಲು ಕೊಟ್ಟರು. ಐವತ್ತರ ಹತ್ತಿರದ, ಸಣ್ಣ ಮೈಯ ಹೆಂಗಸು. ನಾನು ತಂದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು.

"ಸರ್, ಇದನ್ನ ನಾನು ನೋಡಿದೀನಿ."

"ಈ ಎಕ್ಸ್‌ರೇ?"

"ಅಲ್ಲ. ಈ ಸೀಳು. ಹೋದ ವರ್ಷ ಇಲ್ಲಿನ ಒಂದು ಆಸ್ಪತ್ರೆಯಿಂದ ಮುರಿದ ಪಟ್ಟಿ ಒಂದು ನಮ್ಮ ಲ್ಯಾಬಿಗೆ ಬಂತು, ಯಾಕೆ ಮುರೀತು ನೋಡಿ ಅಂತ. ಅದೂ ಮೂರನೇ ತೂತಿನ ಪಕ್ಕದಲ್ಲೇ, ಇದೇ ಓರೆಯಲ್ಲಿ. ಒಳಗೆ ಲೋಹ ಪೆಡಸಾಗಿತ್ತು. ಪುಡಿಯನ್ನ ಮತ್ತೆ ಮತ್ತೆ ಬಳಸಿದ್ರೆ ಹಾಗಾಗತ್ತೆ."

"ಅದನ್ನು ಯಾರು ಮಾಡಿದ್ದು? ಇದೇ ಕಂಪನಿಯೇ?"

"ಅದೇ ಗೊತ್ತಾಗಲಿಲ್ಲ ಸರ್. ಆಸ್ಪತ್ರೆಯವರು ತಮ್ಮದೊಂದು ನಂಬರ್ ಹಾಕಿ ಕಳಿಸಿದ್ರು. ನಮ್ಮ ಲ್ಯಾಬಲ್ಲಿ ಇನ್ನೊಂದು ನಂಬರ್ ಹಾಕಿದ್ವಿ. ಕಂಪನಿ ನಂಬರ್ ಇರೋ ಭಾಗ ರೋಗಿ ಮುಖದಲ್ಲೇ ಉಳಿದಿತ್ತು. ಇರೋದೊಂದು ತುಂಡು, ಅದಕ್ಕೆ ಮೂರು ಹೆಸರು. ಹೆಚ್ಚಿನ ವಿವರ ಕೇಳಿ ಬರೆದೆ. ಉತ್ತರ ಬರಲಿಲ್ಲ. ವರದಿ ಕೊಟ್ಟೆ. ಅಷ್ಟೇ."

ಅಷ್ಟೇ! ನನ್ನ ಪಟ್ಟಿ ಮುರಿಯುವ ಮೊದಲೇ ಇನ್ನೊಂದು ಹಾಗೆಯೇ ಮುರಿದಿತ್ತು. ಯಾಕೆ ಎಂಬುದೂ ಒಬ್ಬರಿಗೆ ಗೊತ್ತಿತ್ತು. ಆಮೇಲೂ ನಾನು ಹುಬ್ಬಳ್ಳಿಯಲ್ಲಿ ನಿಶ್ಚಿಂತೆಯಿಂದ ಉಪ್ಪಿಟ್ಟು ತಿನ್ನುತ್ತಿದ್ದೆ.

"ಆ ವರದಿ ನನಗೆ ಕೊಡಿ," ಎಂದೆ.

"ಆಗಲ್ಲ ಸರ್. ಅದು ಆಸ್ಪತ್ರೆಗೆ ಮಾಡಿಕೊಟ್ಟಿದ್ದು. ಸಂಸ್ಥೆ ನಿಯಮ."

"ನಿಯಮ!" ಎದ್ದು ನಿಂತೆ. ಅವರ ಮನೆಯಲ್ಲಿ, ಅವರ ಟವೆಲು ಹೆಗಲ ಮೇಲೆ ಹಾಕಿಕೊಂಡು ಕೂಗಾಡಿದೆ. ಕಂಪನಿಯವರು ದುಡ್ಡಿಗಾಗಿ ಬಚ್ಚಿಡುತ್ತಾರೆ, ನೀವು ಯಾವುದಕ್ಕಾಗಿ ಬಚ್ಚಿಡುತ್ತೀರಿ? ಸರಕಾರದ ಸಂಬಳ ತೆಗೆದುಕೊಂಡು, ಜನರ ಮುಖ ಮುರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಪಾಟಿನಲ್ಲಿಡುತ್ತೀರಾ? ನನ್ನ ಬಾಯಿಂದ ಜೊಲ್ಲು ಸೋರಿತು. ಗಿರಿಜಾ ಒರೆಸಿದಳು. ಆದರೆ ನನ್ನನ್ನು ಸುಮ್ಮನಿರಿಸಲಿಲ್ಲ.

ನಾಗಶ್ರೀ ಎಲ್ಲ ಕೇಳಿಸಿಕೊಂಡರು. ಅವರ ಕಣ್ಣು ಕೆಂಪಾಗಿತ್ತು.

"ನನಗೆ ಸಿಟ್ಟಿಲ್ಲ ಅಂದ್ಕೊಂಡ್ರಾ ಸರ್? ಸಿ.ಟಿ. ಸ್ಕ್ಯಾನ್ ನೋಡಿ. ಯಾವ ಕಂಪನಿ ಯಂತ್ರದಲ್ಲಿ ತೆಗೆದ್ರೂ ಯಾವ ಊರಿನ ಡಾಕ್ಟರ್ ಕಂಪ್ಯೂಟರಲ್ಲೂ ತೆರೆಯತ್ತೆ. ಯಾಕಂದ್ರೆ ಯಾವತ್ತೋ ಎಲ್ಲರೂ ಕೂತು, ಒಂದೇ ಥರ ಬರೆಯೋಣ ಅಂತ ಒಪ್ಕೊಂಡ್ರು. ನಮ್ಮ ಪ್ರಿಂಟಿಂಗಲ್ಲಿ ಆಕಾರಕ್ಕೆ ಅಂಥ ಫೈಲ್ ಇದೆ, ಕೊಡೋ ಮನಸ್ಸಿದ್ರೆ ಕೊಡಬಹುದು. ಆದರೆ ಪುಡಿ ಎಷ್ಟು ಹಳೇದು, ಲೇಸರ್ ಹೇಗೆ ಓಡಿತು, ಆಮೇಲೆ ಎಷ್ಟು ಕಾಯಿಸಿದ್ರು, ಇದನ್ನೆಲ್ಲ ಒಬ್ಬೊಬ್ರು ಒಂದೊಂದು ಥರ ಬರೀತಾರೆ. ಕೆಲವರು ಬರೆಯೋದೇ ಇಲ್ಲ. ಎಲ್ಲರೂ ಒಂದೇ ಥರ ಬರೆದು ಒಂದು ಕಡೆ ಇಟ್ಟಿದ್ದಿದ್ರೆ, ನಿಮ್ಮ ಪಟ್ಟಿ ಬಗ್ಗೆ ಹೋದ ವರ್ಷವೇ ನಿಮ್ಮ ಡಾಕ್ಟರಿಗೆ ಗೊತ್ತಾಗಿರ್ತಿತ್ತು. ಸಭೆಗಳಲ್ಲಿ ಹೇಳಿ ಹೇಳಿ ಸಾಕಾಗಿದೆ. ಎಲ್ಲರೂ ತಲೆ ಅಲ್ಲಾಡಿಸಿ ಊಟಕ್ಕೆ ಹೋಗ್ತಾರೆ."

ಗಿರಿಜಾ ಕೇಳಿದಳು, "ಆ ಇನ್ನೊಬ್ಬರು ಯಾರ್ರೀ? ಮುರಿದ ಪಟ್ಟಿಯವರು?"

"ಹೆಸರು ನನಗೂ ಗೊತ್ತಿಲ್ಲ. ಗೊತ್ತಿದ್ರೂ ಹೇಳೋ ಹಾಗಿಲ್ಲ."

"ನಾವು ನಮ್ಮ ಹೆಸರು ಅವರಿಗೆ ಹೇಳಬಹುದಲ್ಲ? ಅದಕ್ಕೂ ನಿಯಮ ಅದ ಏನು?"

ನಾಗಶ್ರೀ ಅವಳ ಮುಖ ನೋಡಿದರು. ಹಾಗೆ ಯಾರೂ ಕೇಳಿರಲಿಲ್ಲವೇನೋ. "ಇಲ್ಲ," ಎಂದರು ಮೆಲ್ಲಗೆ. "ನೀವು ಬರೆದು ಕೊಡಿ. ಆ ಪಟ್ಟಿ ಕಳಿಸಿದ ಡಾಕ್ಟರಿಗೆ ತಲುಪಿಸ್ತೀನಿ. ಅವರ ರೋಗಿಗೆ ಕೊಡೋದು ಬಿಡೋದು ಅವರಿಗೆ ಬಿಟ್ಟದ್ದು."

ಅಲ್ಲೇ ಕುಳಿತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ: ನನ್ನ ಪಟ್ಟಿಯೂ ನಿಮ್ಮದರ ಹಾಗೆಯೇ ಮುರಿದಿದೆ, ಮನಸ್ಸಿದ್ದರೆ ಫೋನ್ ಮಾಡಿ. ನಾಗಶ್ರೀ ಇನ್ನೊಂದು ದಾರಿಯನ್ನೂ ಹೇಳಿದರು. ಶಸ್ತ್ರಕ್ರಿಯೆಗೆ ಮುಂಚೆ ತೆಗೆದ ಸಿ.ಟಿ. ಸ್ಕ್ಯಾನ್ ಕೊಚ್ಚಿಯ ಆಸ್ಪತ್ರೆಯಲ್ಲಿರುತ್ತದೆ, ಅದು ನಿಮ್ಮದು, ಕೇಳಿ ತೆಗೆದುಕೊಳ್ಳಿ. ಅದರಿಂದ ಹೊಸ ನಕ್ಷೆ ಬರೆಯಬಹುದು ಎಂದರು. ಹೊರಡುವಾಗ ಅವರ ಮಗಳು ಇಡಿಯಪ್ಪಂ, ನಮ್ಮ ಒತ್ತು ಶಾವಿಗೆ, ತಂದುಕೊಟ್ಟಳು. ಗಿರಿಜಾ ಕನ್ನಡದಲ್ಲಿ ಮಾತಾಡಿಸಿದರೆ ಹುಡುಗಿ ನಕ್ಕು ಮಲಯಾಳದಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಇಬ್ಬರ ಮಾತು ಸರಿಯಾಗಿಯೇ ತಿಳಿಯಿತು.

ಕೊಚ್ಚಿಗೆ ಮರಳಿ ಆಸ್ಪತ್ರೆಗೆ ಹೋದೆವು. ಒಂದು ಅರ್ಜಿ, ಆಧಾರ್ ಕಾರ್ಡಿನ ನಕಲು. ಕ್ಯಾಂಟೀನಿನಲ್ಲಿ ಕಾಫಿ ಆರುವಷ್ಟರಲ್ಲಿ ಹಳೆಯ ಸ್ಕ್ಯಾನಿನ ಸಿ.ಡಿ. ಕೈಗೆ ಬಂತು. ಡಾಕ್ಟರ್ ಕುಲಕರ್ಣಿ ಮೇಡಂಗೆ ಫೋನ್ ಮಾಡಿದರೆ, "ತಗೊಂಡ ಬರ್ರಿ, ನನ್ನ ಕಂಪ್ಯೂಟರಿನ್ಯಾಗ ತೆರೀತದ" ಎಂದರು. ಇಷ್ಟು ಸುಲಭದ ಕೆಲಸ ಇದು! ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಮತ್ತೆ ಆಲುವದ ಆ ಗಾಜಿನ ಕಟ್ಟಡಕ್ಕೆ ಹೋದೆವು. ಮ್ಯಾನೇಜರ್ ಈ ಸಲ ಕೂರಲು ಹೇಳಲಿಲ್ಲ.

"ನನ್ನ ಹಾಗೆಯೇ ಇನ್ನೊಬ್ಬರ ಪಟ್ಟಿ ಮುರಿದಿದೆ. ತಿರುವನಂತಪುರದಲ್ಲಿ. ಅದೇ ಜಾಗದಲ್ಲಿ," ಎಂದೆ.

ಅವರ ಮುಖದ ನಗು ಹೋಯಿತು. "ನಿಮಗೆ ಯಾರು ಹೇಳಿದರು?" ಎಂದರು.

ಆ ಮನುಷ್ಯ ಹೇಗಿದ್ದಾನೆ ಎಂದು ಕೇಳಲಿಲ್ಲ. ಹೆಂಗಸೋ ಗಂಡಸೋ, ಊಟ ಮಾಡಲು ಆಗುತ್ತದೋ ಇಲ್ಲವೋ ಎಂದು ಕೇಳಲಿಲ್ಲ. ಅದು ನಿಜವೇ ಎಂದೂ ಕೇಳಲಿಲ್ಲ. ಯಾರು ಹೇಳಿದರು!

ಗಿರಿಜಾ ಮಲಯಾಳ ಬಿಟ್ಟು ಧಾರವಾಡದ ಮಾತಿಗೇ ಇಳಿದಳು. "ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಒಬ್ಬರಿಗೆ ಹೇಳಿದ್ದರ ಇನ್ನೊಬ್ಬರ ಬಾಯಿ ಉಳೀತಿತ್ತು." ಅನ್ನುತ್ತಲೇ ಗಾಜಿನ ಕಪಾಟಿನ ಬಾಗಿಲು ಸರಿಸಿ, ಬಿಳಿ ದವಡೆಯನ್ನು ಎತ್ತಿಕೊಂಡಳು.

"ಮ್ಯಾಡಂ, ಅದು ಆಗುವುದಿಲ್ಲ, ಅದು ಕಂಪನಿಯ ಸ್ವತ್ತು!"

"ಪೊಲೀಸರನ್ನ ಕರೀರಿ. ಅವರ ಮುಂದ ಇವರು ಬಾಯಿ ತೆಗೀತಾರ. ಹಲ್ಲಿಗೆ ಹಲ್ಲು ಹಚ್ಚಿ ನೋಡೋಣು ಇದು ಯಾರ ಸ್ವತ್ತು ಅಂತ."

ಅವರು ಯಾರನ್ನೂ ಕರೆಯಲಿಲ್ಲ. ಗಿರಿಜಾ ದವಡೆಯನ್ನು ಸೀರೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಳು. ಹೊರಗೆ ಬಂದು ಆಟೋ ಹತ್ತಿದ ಮೇಲೆ ಅವಳು ಬ್ಯಾಗಿನ ಮೇಲೆ ಕೈ ಇಟ್ಟುಕೊಂಡೇ ಕುಳಿತಳು. ಆ ಕೈ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಬೆಂಗಳೂರಿನ ಹಗಲು ರೈಲು. ತ್ರಿಶ್ಶೂರು ದಾಟಿದ್ದೆವು, ಗದ್ದೆಗಳ ಮೇಲೆ ಬಿಸಿಲು ಬಿದ್ದಿತ್ತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆಯಿಂದ ಒಬ್ಬ ಹೆಂಗಸು, ಮಾತು ತೊದಲುತ್ತಿತ್ತು. ಆ ತೊದಲು ನನಗೆ ಕೂಡಲೇ ಗುರುತು ಸಿಕ್ಕಿತು; ನಾನೂ ಹಾಗೇ ಮಾತಾಡುತ್ತೇನೆ.

"ಸಾರೇ, ನಾನು ಲತಾ. ಕೊಲ್ಲಂನಲ್ಲಿ ಶಾಲೆಯ ಟೀಚರ್. ಡಾಕ್ಟರ್ ನಿಮ್ಮ ಚೀಟಿ ಕೊಟ್ಟರು," ಎಂದರು ಮಲಯಾಳದಲ್ಲಿ. "ನಿಮ್ಮದೂ ಮೂರನೇ ತೂತಿನ ಹತ್ತಿರವೇ?"

"ಹೌದು ಟೀಚರ್."

"ನಾನು ಗಟ್ಟಿಯಾದದ್ದು ತಿಂದೆ ಎಂದು ಆಸ್ಪತ್ರೆಯಲ್ಲಿ ಬೈದರು ಸಾರ್. ಮನೆಯವರೂ ಬೈದರು. ನಾನು ತಿಂದದ್ದು ಕಂಜಿ."

"ನಾನು ಉಪ್ಪಿಟ್ಟು," ಎಂದೆ. ಅವರು ಅತ್ತರೋ ನಕ್ಕರೋ ತಿಳಿಯಲಿಲ್ಲ.

ಶಸ್ತ್ರಕ್ರಿಯೆಯ ನಂತರ ರೋಗಿಗೆ ಒಂದು ಸಣ್ಣ ಕಾರ್ಡು ಕೊಡುತ್ತಾರೆ. ಕಂಪನಿಯ ಹೆಸರು, ಪುಡಿಯ ಯಾವ ಬ್ಯಾಚಿನಿಂದ ಪಟ್ಟಿ ಮಾಡಿದರು ಎಂಬ ಸಂಖ್ಯೆ ಅದರ ಮೇಲಿರುತ್ತದೆ. ಅವರ ಕಾರ್ಡು ಅವರ ಪರ್ಸಿನಲ್ಲಿತ್ತು. ನನ್ನದನ್ನು ಗಿರಿಜಾ ಹುಡುಕಿ ತೆಗೆದಳು. ಕಂಪನಿ ಒಂದೇ. ಲತಾ ಟೀಚರ್ ಒಂದೊಂದೇ ಅಂಕಿ ಹೇಳಿದರು. ರೈಲಿನ ಸದ್ದಿನಲ್ಲಿ ನನ್ನ ತೊದಲು ಅವರಿಗೆ ತಿಳಿಯದು, ಅವರದು ನನಗೆ. ಗಿರಿಜಾ ಫೋನ್ ಕಸಿದುಕೊಂಡು ಮಲಯಾಳದಲ್ಲಿ ಗಟ್ಟಿಯಾಗಿ ಕೂಗಿ ಕೂಗಿ ಕೇಳಿದಳು. ಇಡೀ ಬೋಗಿ ನಮ್ಮ ಕಡೆ ತಿರುಗಿತು. ಕೊನೆಯ ಅಂಕಿಯವರೆಗೂ ಒಂದೇ ಸಂಖ್ಯೆ.

ಗಿರಿಜಾ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡಳು. "ಹೋದ ವರ್ಷನ ಯಾರರ ಎರಡು ಫೋನ್ ಮಾಡಿದ್ದರ ಮುಗೀತಿತ್ತಲ್ರೀ," ಎಂದಳು. ಪಾಲಕ್ಕಾಡಿನ ಬೆಟ್ಟಗಳು ಬಂದವು. ನಾನು ತಿರುಗಿ ನೋಡಿದೆ. ಮೋಡ ಕವಿದು ಹಿಂದೆ ಏನೂ ಕಾಣುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಆ ಸ್ಕ್ಯಾನ್ ಮತ್ತು ಬಿಳಿ ದವಡೆಯನ್ನು ಮುಂದಿಟ್ಟುಕೊಂಡು ಡಾಕ್ಟರ್ ಹೊಸ ನಕ್ಷೆ ಮಾಡಿಸಿದರು. ಪಟ್ಟಿ ಬೆಂಗಳೂರಿನಲ್ಲಿ ಆಯಿತು. ನಕ್ಷೆ, ಪುಡಿ, ಕಾಯಿಸಿದ ವಿವರ ಎಲ್ಲವನ್ನೂ ಯಾರು ಬೇಕಾದರೂ ತೆರೆಯಬಹುದಾದ ರೂಪದಲ್ಲಿ ಪೆನ್ ಡ್ರೈವಿಗೆ ಹಾಕಿ ಕೊಟ್ಟ ಮೇಲೆಯೇ ಅದನ್ನು ಮುಟ್ಟುತ್ತೇನೆಂದು ಡಾಕ್ಟರ್ ಹಟ ಹಿಡಿದಿದ್ದರು, ಬೆಂಗಳೂರಿನವರು ಕೊಟ್ಟರು. ಈಗ ಅನ್ನ, ಸಾರು, ಮೆತ್ತಗಿನ ಚಪಾತಿ ತಿನ್ನುತ್ತೇನೆ. ಲತಾ ಟೀಚರೂ ನಾನೂ ಸೇರಿ, ಎರಡು ಕಾರ್ಡುಗಳ ನಕಲು ಲಗತ್ತಿಸಿ ಸರಕಾರಕ್ಕೆ ದೂರು ಕೊಟ್ಟೆವು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ಕಂಪನಿಯಿಂದ ಒಂದಕ್ಷರವಿಲ್ಲ. ಕಾಯುತ್ತ ಕೂರಲಾರದೆ ಟೀಚರ್ ಆ ಸಂಖ್ಯೆಯನ್ನು ತಮಗೆ ಗೊತ್ತಿದ್ದ ರೋಗಿಗಳ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದರು, ನನ್ನ ಫೋನ್ ನಂಬರಿನ ಸಮೇತ.

ಮೊನ್ನೆ ಪಾಲಕ್ಕಾಡಿನಿಂದ ಒಬ್ಬರು ಫೋನ್ ಮಾಡಿದ್ದರು. ಅವರ ಮಾತು ಸ್ಪಷ್ಟವಾಗಿತ್ತು, ಒಂದಿಷ್ಟೂ ತೊದಲಿಲ್ಲ. ತಮ್ಮ ಕಾರ್ಡಿನ ಸಂಖ್ಯೆ ಓದಿ ಹೇಳಿದರು. ನಮ್ಮದೇ. ಅವರ ಪಟ್ಟಿ ಇನ್ನೂ ಮುರಿದಿಲ್ಲ.